ಹೊಸ ಮೋಟಾರ್ ಯಾಟ್‌ನಲ್ಲಿ ಮೆಡಿಟರೇನಿಯನ್: ಮಧ್ಯಾಹ್ನದೊಳಗೆ ದಡ ಸೇರುವವರ ಲೆಕ್ಕಾಚಾರ

25 ನಾಟ್ ವೇಗದಲ್ಲಿ ಓಡುವ ದೋಣಿ ಕೈಗೆ ಬಂದ ಕೂಡಲೇ ಮನಸ್ಸು ನಕಾಶೆಯ ಮೇಲೆ ಗೆರೆ ಎಳೆಯತೊಡಗುತ್ತದೆ. ಇವತ್ತು ಕೋರ್ಫು, ನಾಳೆ ಪಾಕ್ಸೋಸ್, ನಾಡಿದ್ದು ಇಥಾಕಾ, ಶನಿವಾರ ಸಂಜೆ ವಾಪಸು ವಿಮಾನ. ಕಾಗದದ ಮೇಲೆ ಲೆಕ್ಕವೇನೋ ಸರಿಯಾಗಿಯೇ ಇರುತ್ತದೆ. ಮೂರನೆಯ ದಿನ ಮಧ್ಯಾಹ್ನ ಎದುರುಗಾಳಿ ಎದ್ದು, ಅಲೆಗೆ ದೋಣಿ ಧಡಧಡ ಬಡಿಯುತ್ತಿರುವಾಗಲೇ ಒಂದು ಎಂಜಿನ್ ಮುಕ್ಕರಿಸಲು ಶುರುವಾದರೆ ಆ ಲೆಕ್ಕವೆಲ್ಲ ತಲೆಕೆಳಗು. ಹೊಸ ಯಾಟ್ ಕೊಂಡವರ ಮೊದಲ ಪ್ರವಾಸ ಕೆಡುವುದು ಹೆಚ್ಚಾಗಿ ಹೀಗೆಯೇ.

12ರಿಂದ 15 ಮೀಟರ್ ಉದ್ದದ, ಎರಡು ಡೀಸೆಲ್ ಎಂಜಿನ್‌ಗಳ ಹೊಸ ದೋಣಿಯನ್ನು ತಾವೇ ನಡೆಸಹೊರಟವರಿಗೆ ಈ ಲೇಖನ. ವಾರಕ್ಕೆ ಬಾಡಿಗೆಗೆ ಹಿಡಿಯುವವರಿಗೂ ಇದರ ಮುಕ್ಕಾಲು ಪಾಲು ಅನ್ವಯಿಸುತ್ತದೆ. ಉದಾಹರಣೆಗೆ ಗ್ರೀಸಿನ ಪಶ್ಚಿಮಕ್ಕಿರುವ ಅಯೋನಿಯನ್ ಕಡಲನ್ನು ಆರಿಸಿಕೊಂಡಿದ್ದೇನೆ. ಹೊಸಬರಿಗೆ ಇಷ್ಟು ಸಹನೆ ತೋರುವ ನೀರು ಮೆಡಿಟರೇನಿಯನ್‌ನಲ್ಲಿ ಬೇರೆ ಕಡೆ ಕಡಿಮೆ.

ಯಾವ ತಿಂಗಳು, ಯಾವ ಗಾಳಿ

ಮೆಡಿಟರೇನಿಯನ್‌ಗೆ ಬಾಗಿಲು ಹಾಕುವ ಕಾಲ ಹಿಂದಿನಿಂದಲೂ ಇತ್ತು. ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಕಡಲು ಮುಚ್ಚಿರುತ್ತದೆ ಎಂದು ರೋಮನ್ ಲೇಖಕ ವೆಜಿಟಿಯಸ್ ಬರೆದಿಟ್ಟಿದ್ದಾನೆ. ಇತ್ತ ನಮ್ಮ ಮಲ್ಪೆ, ಕಾರವಾರದ ಯಾಂತ್ರಿಕ ಮೀನುಗಾರಿಕೆ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ದಕ್ಕೆ ಬಿಟ್ಟು ಹೊರಡುವಂತಿಲ್ಲ. ನಮ್ಮ ಕಡಲು ಹೀಗೆ ಮುಚ್ಚಿರುವಾಗಲೇ ಆ ಕಡಲು ಅತ್ಯಂತ ಶಾಂತವಾಗಿರುತ್ತದೆ. ಇಂದಿನ ಲೆಕ್ಕದಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಸಂಚಾರದ ಕಾಲ. ನನ್ನನ್ನು ಕೇಳಿದರೆ ಮೊದಲ ಪ್ರವಾಸಕ್ಕೆ ಜೂನ್ ಒಳ್ಳೆಯದು. ಹಗಲು ದೀರ್ಘ, ಬಂದರುಗಳಲ್ಲಿ ಜಾಗ ಸಿಗುತ್ತದೆ, ಗಾಳಿ ಇನ್ನೂ ಹದವಾಗಿರುತ್ತದೆ. ಸೆಪ್ಟೆಂಬರ್‌ನಲ್ಲಿ ನೀರು ಬೆಚ್ಚಗಿರುವುದೇನೋ ನಿಜ, ಆದರೆ ಆ ಬಿಸಿಯೇ ಗುಡುಗುಮಳೆಗೆ ಮೇವು. 2020ರ ಸೆಪ್ಟೆಂಬರ್‌ನಲ್ಲಿ 'ಇಯಾನೋಸ್' ಎಂಬ ಚಂಡಮಾರುತ ಇದೇ ಅಯೋನಿಯನ್ ದ್ವೀಪಗಳ ಮೇಲೆ ಎರಗಿತ್ತು. ಆಗಸ್ಟ್ ಕೂಡ ಪೂರ್ತಿ ನಿರಪಾಯವಲ್ಲ. 2022ರ ಆಗಸ್ಟ್ 18ರ ಬೆಳಗ್ಗೆ ಕಾರ್ಸಿಕಾ ಕರಾವಳಿಗೆ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ಬಿರುಗಾಳಿ ಬಡಿದು, ಲಂಗರು ಹಾಕಿದ್ದ ಎಷ್ಟೋ ದೋಣಿಗಳು ದಡಕ್ಕೆ ಬಿದ್ದವು.

ಈ ಕಡಲಿನ ಒಂದೊಂದು ಮೂಲೆಗೂ ತನ್ನದೇ ಗಾಳಿ ಇದೆ. ಫ್ರಾನ್ಸಿನ ರೋನ್ ಕಣಿವೆಯಿಂದ ನುಗ್ಗುವ ಮಿಸ್ಟ್ರಾಲ್, ಏಡ್ರಿಯಾಟಿಕ್‌ನ ಪೂರ್ವದಂಡೆಯ ಬೆಟ್ಟಗಳಿಂದ ಧುಮುಕುವ ಬೋರಾ, ಆಫ್ರಿಕಾದ ಧೂಳು ಹೊತ್ತು ಬರುವ ಸಿರೊಕೊ, ಜುಲೈ–ಆಗಸ್ಟ್‌ನಲ್ಲಿ ಏಜಿಯನ್ ಕಡಲನ್ನು ದಿನಗಟ್ಟಲೆ ಕಡೆಯುವ ಮೆಲ್ಟೆಮಿ. ಸ್ಯಾಂಟೊರಿನಿಯ ಫೋಟೊ ನೋಡಿ ಜುಲೈಯಲ್ಲಿ ಸೈಕ್ಲೇಡ್ಸ್ ದ್ವೀಪಗಳಿಗೆ ಹೊಸ ದೋಣಿ ತಿರುಗಿಸುವವರು ಮೆಲ್ಟೆಮಿಯ ಹೆಸರನ್ನು ಮೊದಲು ತಿಳಿದಿರಬೇಕು.

ಅಯೋನಿಯನ್‌ನಲ್ಲಿ ಬೇಸಿಗೆಯ ಗಾಳಿಗೆ ಒಂದು ದಿನಚರಿ ಇದೆ. ಬೆಳಗ್ಗೆ ನೀರು ಕನ್ನಡಿ. ನೆಲ ಕಾದು ಅದರ ಮೇಲಿನ ಗಾಳಿ ಏರಿದಂತೆ ಕಡಲ ಕಡೆಯಿಂದ ತಂಪುಗಾಳಿ ನುಗ್ಗುತ್ತದೆ. ಅದು ಬೇಸಿಗೆಯ ವಾಯವ್ಯ ಗಾಳಿಯೊಂದಿಗೆ ಸೇರಿಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಎದ್ದು, ಮೂರು–ನಾಲ್ಕು ಗಂಟೆಗೆ ಬಿರುಸಾಗಿ, ಸೂರ್ಯ ಮುಳುಗಿದ ಮೇಲೆ ಮಲಗುತ್ತದೆ. ಗಾಳಿಗೆ ಓಡಲು ಸಿಗುವ ನೀರಿನ ಹರವು ಇಲ್ಲಿ ಕಡಿಮೆಯಾದ್ದರಿಂದ ಅಲೆಗಳು ಅರಬ್ಬಿ ಸಮುದ್ರದ ಉದ್ದನೆಯ ತೆರೆಗಳ ಹಾಗಿರುವುದಿಲ್ಲ. ಗಿಡ್ಡ, ಕಡಿದು, ಒತ್ತೊತ್ತು. ನೀರಿನ ಮೇಲೆ ತೇಲಿ ಓಡುವ ಮೋಟಾರ್ ಯಾಟ್‌ಗೆ ಇಂಥ ಅಲೆ ಎದುರಿಗೆ ಬಂದರೆ ಪ್ರತಿ ಅಲೆಯೂ ಒಂದು ಹೊಡೆತ. ಹಿಂದಿನಿಂದ ಬಂದರೆ ಅಷ್ಟು ತ್ರಾಸವಿಲ್ಲ.

ಹಾಗಾಗಿ ಇಡೀ ಪ್ರವಾಸದ ಯೋಜನೆ ಒಂದು ಸಾಲಿಗೆ ಇಳಿಯುತ್ತದೆ: ದಕ್ಷಿಣಕ್ಕೆ ಹೋಗುವಾಗ ಸ್ವಲ್ಪ ತಡವಾದರೂ ನಡೆಯುತ್ತದೆ, ಉತ್ತರಕ್ಕೆ ಮರಳುವಾಗ ಬೆಳಗ್ಗೆ ಏಳಕ್ಕೆ ಲಂಗರು ಎತ್ತಿ ಹನ್ನೊಂದರೊಳಗೆ ಒಳಗೆ ಸೇರಿ. ಈ ಹೊತ್ತಿಗೆ ಮತ್ತೊಂದು ಲಾಭವೂ ಉಂಟು. ರಾತ್ರಿ ತಂಗಿದ್ದ ದೋಣಿಗಳು ಬಂದರು ಬಿಟ್ಟು ಹೋಗುವುದೂ, ಬೇರೆಯವು ಬಂದು ಸೇರುವುದೂ ಹನ್ನೊಂದರಿಂದ ಎರಡರ ನಡುವೆ. ಆಗ ತಲುಪಿದವರಿಗೆ ಜಾಗ ಆರಿಸಿಕೊಳ್ಳುವ ಭಾಗ್ಯ. ಐದು ಗಂಟೆಗೆ ತಲುಪಿದವರಿಗೆ ಉಳಿದ ಇಕ್ಕಟ್ಟು, ಜೊತೆಗೆ ಅಡ್ಡಗಾಳಿ.

ಹೊಸ ದೋಣಿ ಯಾಕೆ ಕೆಡುತ್ತದೆ

ಹೊಸದು ತಾನೇ, ಏನಾಗುತ್ತದೆ ಎನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಎರಡು ವರ್ಷ ಓಡಿದ ದೋಣಿಗಿಂತ ಹೊಸ ದೋಣಿಯೇ ಹೆಚ್ಚು ಕಾಟ ಕೊಡುವುದುಂಟು. ಅದಕ್ಕೆ ಕಾರಣಗಳೂ ಸ್ಪಷ್ಟವಾಗಿವೆ. ಕಾರ್ಖಾನೆಯಲ್ಲಿ ಇಂಧನದ ಟ್ಯಾಂಕ್ ಕೊರೆದು, ಕತ್ತರಿಸಿ ಕೂರಿಸುವಾಗ ಉದುರಿದ ಫೈಬರ್ ಗ್ಲಾಸ್ ಪುಡಿ, ಲೋಹದ ಚೂರು ತಳದಲ್ಲಿ ಉಳಿದಿರಬಹುದು. ಶಾಂತ ನೀರಿನಲ್ಲಿ ಮಾಡಿದ ಪರೀಕ್ಷಾ ಓಟದಲ್ಲಿ ಅದು ತಳದಲ್ಲೇ ಮಲಗಿರುತ್ತದೆ. ಮೊದಲ ಸಲ ಅಲೆಗೆ ಸಿಕ್ಕಿ ಟ್ಯಾಂಕ್ ಕುಲುಕಿದಾಗ ಎಲ್ಲವೂ ಎದ್ದು ಫಿಲ್ಟರಿಗೆ ಬಂದು ಕೂರುತ್ತದೆ. ಕಾಫಿ ಫಿಲ್ಟರಿನಲ್ಲಿ ಪುಡಿಯನ್ನು ತೀರಾ ಒತ್ತಿಬಿಟ್ಟರೆ ಡಿಕಾಕ್ಷನ್ ಇಳಿಯದು ನೋಡಿ, ಹಾಗೆ ಎಂಜಿನ್‌ಗೆ ಡೀಸೆಲ್ ಇಳಿಯದು. ಹೀಗಾಗಿ ಎಂಜಿನ್ ನಿಲ್ಲುವುದು ಅದು ಅತ್ಯಂತ ಬೇಕಾಗಿರುವ ಹೊತ್ತಿನಲ್ಲೇ.

ಮಿಕ್ಕ ಕಾರಣಗಳು ಸಣ್ಣವು: ಕಂಪನಕ್ಕೆ ಸಡಿಲಾಗುವ ಕೊಳವೆಯ ಕ್ಲಿಪ್ಪುಗಳು, ಬ್ಯಾಟರಿಯ ತಂತಿ, ನೀರಿಗಿಳಿದ ಮೇಲೆ ದೋಣಿಯ ಮೈ ತುಸು ಬಾಗಿ ಪ್ರೊಪೆಲರ್ ಶಾಫ್ಟಿನ ನೇರ ಕೊಂಚ ತಪ್ಪುವುದು. ಹೊರಡುವ ಮೊದಲು ಇಷ್ಟು ಮಾಡಿ:

1. ದೋಣಿ ಹಸ್ತಾಂತರವಾದ ಊರಿನ ಸುತ್ತಲೇ ಮೊದಲ ಕೆಲವು ದಿನ ಓಡಿಸಿ. ಮಾರಿದವರ ಮೆಕ್ಯಾನಿಕ್ ಒಂದು ತಾಸಿನ ದೂರದಲ್ಲಿರುವಾಗಲೇ ದೋಷಗಳು ಹೊರಬೀಳಲಿ. ಒಂದು ರಾತ್ರಿ ಲಂಗರು ಹಾಕಿ ದೋಣಿಯಲ್ಲೇ ಮಲಗಿ. ಅಡುಗೆ ಮಾಡಿ, ಎಲ್ಲರೂ ಸ್ನಾನ ಮಾಡಿ, ಎಸಿ, ಜನರೇಟರ್, ಶೌಚಾಲಯ ಎಲ್ಲವನ್ನೂ ಒಟ್ಟಿಗೆ ದುಡಿಸಿ.

2. ಎಂಜಿನ್ ಪಳಗುವ ಅವಧಿಗೆ ತಯಾರಕರ ಕೈಪಿಡಿಯೇ ಪ್ರಮಾಣ. ಮೊದಲ ಸರ್ವಿಸ್ ಎಷ್ಟು ಗಂಟೆಗೆ ಎಂದು ನೋಡಿಕೊಳ್ಳಿ. ಹಲವು ಎಂಜಿನ್‌ಗಳಿಗೆ ಅದು 50 ಗಂಟೆಯ ಆಸುಪಾಸು. ಆ ಗಂಟೆ ನಡುಕಡಲಲ್ಲಿ ತುಂಬದಂತೆ, ಸರ್ವಿಸ್ ಸಿಗುವ ಊರಿನಲ್ಲಿ ತುಂಬುವಂತೆ ದಾರಿ ಹಾಕಿಕೊಳ್ಳಿ. ತಪ್ಪಿಸಿದರೆ ವಾರಂಟಿಗೆ ತಕರಾರು ಬರಬಹುದು.

3. ಪ್ರತಿ ಎಂಜಿನ್‌ಗೆ ಕನಿಷ್ಠ ಎರಡು ಜೊತೆ ಡೀಸೆಲ್ ಫಿಲ್ಟರ್, ಕಡಲ ನೀರಿನ ಪಂಪಿನ ಇಂಪೆಲರ್, ಬೆಲ್ಟ್ ದೋಣಿಯಲ್ಲಿರಲಿ. ಇರುವುದಷ್ಟೇ ಸಾಲದು, ಮರೀನಾದಲ್ಲಿ ಕಟ್ಟಿದಾಗ ಒಂದು ಫಿಲ್ಟರನ್ನು ನೀವೇ ಬಿಚ್ಚಿ ಹಾಕಿ ನೋಡಿ.

4. ಲಂಗರಿನ ಸರಪಳಿಯನ್ನು ಪೂರ್ತಿ ಹೊರಗೆ ಎಳೆಸಿ. ಅದರ ಕೊನೆ ದೋಣಿಗೆ ಕಟ್ಟಿದೆಯೇ? ಪ್ರತಿ 10 ಮೀಟರಿಗೆ ಬಣ್ಣದ ಗುರುತು ಇದೆಯೇ? ಹೊಸ ದೋಣಿಯಲ್ಲಿ ಎರಡೂ ಇಲ್ಲದಿರಬಹುದು.

5. ವಿಎಚ್‌ಎಫ್ ರೇಡಿಯೊದಲ್ಲಿ ಅಪಾಯದ ಕರೆ ಕೊಡುವ ಕೆಂಪು ಗುಂಡಿ ಕೆಲಸ ಮಾಡಬೇಕಾದರೆ ಅದರೊಳಗೆ ನಿಮ್ಮ ದೋಣಿಯನ್ನು ಗುರುತಿಸುವ ಎಂಎಂಎಸ್‌ಐ ಸಂಖ್ಯೆ ತುಂಬಿರಬೇಕು. ನೋಂದಣಿಯಾದ ದೇಶದಿಂದ ಸಂಖ್ಯೆ ಬಂದ ಮೇಲಷ್ಟೇ ಇದು ಸಾಧ್ಯ. ಬರಿಯ ರೇಡಿಯೊ ಕೂರಿಸಿ ಕೊಟ್ಟರೆ ಕೆಲಸ ಮುಗಿದಿಲ್ಲ.

6. ದಿನ ಬೆಳಗ್ಗೆ ಎಂಜಿನ್ ಕೋಣೆಗೆ ಇಳಿಯಿರಿ. ಎಣ್ಣೆ, ಕೂಲೆಂಟ್, ಜರಡಿಯಲ್ಲಿ ಕಡಲಹುಲ್ಲು, ಡೀಸೆಲ್ ಫಿಲ್ಟರಿನ ಗಾಜಿನ ಬಟ್ಟಲಲ್ಲಿ ನೀರು ಅಥವಾ ಕಸ, ತಳದಲ್ಲಿ ನೀರು ನಿಂತಿದೆಯೇ ಎಂಬ ನೋಟ. ಎಲ್ಲ ಸೇರಿ ಹತ್ತು ನಿಮಿಷ.

ದೋಣಿಯ ತಯಾರಕರ ಫಲಕದ ಮೇಲೆ ಎ, ಬಿ, ಸಿ, ಡಿ ಎಂಬ ಯುರೋಪಿನ ವಿನ್ಯಾಸ ದರ್ಜೆ ಇರುತ್ತದೆ. 'ಬಿ' ಎಂದರೆ ಬ್ಯೂಫೋರ್ಟ್ ಮಾಪಕದಲ್ಲಿ 8ರವರೆಗಿನ ಗಾಳಿಗೂ 4 ಮೀಟರ್ ಅಲೆಗೂ ತಕ್ಕ ವಿನ್ಯಾಸ. ಅದು ದೋಣಿಯ ತಾಳಿಕೆಯ ಮಾತು, ನಿಮ್ಮ ಮನೆಮಂದಿಯದ್ದಲ್ಲ. ಮೊದಲ ವರ್ಷ ಗಾಳಿಯ ಮುನ್ಸೂಚನೆ ಬ್ಯೂಫೋರ್ಟ್ 4 ದಾಟಿತೆಂದರೆ ಬಂದರಿನಲ್ಲೇ ಕುಳಿತು ಮೀನು ತಿನ್ನುವುದು ಲೇಸು.

ಡೀಸೆಲ್ ಲೆಕ್ಕ

ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕೊಡಲು ಸುಮಾರು 0.19 ಲೀಟರ್ ಉರಿಸುತ್ತದೆ. ತಲಾ 400 ಅಶ್ವಶಕ್ತಿಯ ಎರಡು ಎಂಜಿನ್‌ಗಳನ್ನು ಶೇ 80ರಷ್ಟು ದುಡಿಸಿದರೆ ಗಂಟೆಗೆ 120 ಲೀಟರ್. 24 ನಾಟ್ ವೇಗವೆಂದರೆ ಮೈಲಿಗೆ 5 ಲೀಟರ್. ಅದೇ ದೋಣಿ 8 ನಾಟ್‌ನಲ್ಲಿ ಮೈಲಿಗೆ 2 ಲೀಟರಿನ ಆಸುಪಾಸಿಗೆ ಇಳಿಯುತ್ತದೆ. (ಇಲ್ಲಿ ಮೈಲು ಎಂದರೆ 1,852 ಮೀಟರಿನ ನಾಟಿಕಲ್ ಮೈಲು.) ಇವೆರಡರ ನಡುವಿನ 12–14 ನಾಟ್ ಮಾತ್ರ ಕೆಟ್ಟದ್ದು. ದೋಣಿ ತನ್ನದೇ ಅಲೆಯ ಗುಡ್ಡ ಹತ್ತಲು ಹೆಣಗುತ್ತಿರುತ್ತದೆ, ಡೀಸೆಲ್ ಖರ್ಚಾಗುತ್ತದೆ, ದಾರಿ ಸಾಗದು. ನಿಧಾನವಾಗಿ ಹೋಗಿ ಇಲ್ಲವೇ ಪೂರ್ತಿ ಎದ್ದು ಓಡಿ. ತುಂಬ ಹೊತ್ತು ನಿಧಾನ ಓಡಿಸಿದ ಟರ್ಬೊ ಎಂಜಿನ್‌ಗೆ ದಿನಕ್ಕೊಮ್ಮೆ ಹತ್ತಿಪ್ಪತ್ತು ನಿಮಿಷ ಮೈಮುರಿದು ದುಡಿಯುವ ಅವಕಾಶ ಕೊಡಿ.

ಟ್ಯಾಂಕಿನ ಮುಳ್ಳನ್ನು ನಂಬಬೇಡಿ. ಟ್ಯಾಂಕಿನ ಆಕಾರ ಓರೆಕೋರೆಯಾಗಿದ್ದರೆ ಅರ್ಧ ಎಂದು ತೋರಿದ್ದು ಅರ್ಧವಲ್ಲ. ತುಂಬಿಸಿದ ಲೀಟರ್, ಓಡಿದ ಗಂಟೆ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಮೂರನೆಯ ಒಂದು ಪಾಲು ಯಾವಾಗಲೂ ಮುಟ್ಟದ ಮೀಸಲು. ಸಣ್ಣ ಗ್ರೀಕ್ ಬಂದರುಗಳಲ್ಲಿ ಪಂಪು ಇರುವುದಿಲ್ಲ, ಪುಟ್ಟ ಟ್ಯಾಂಕರ್ ಲಾರಿ ದಕ್ಕೆಗೆ ಬರುತ್ತದೆ, ಮುಂಚೆಯೇ ಹೇಳಿಡಬೇಕು.

ಹಿಮ್ಮುಖವಾಗಿ ಕಟ್ಟುವ ಕಲೆ

ಮೆಡಿಟರೇನಿಯನ್‌ನ ಬಹುಭಾಗದಲ್ಲಿ ಉಬ್ಬರವಿಳಿತ ಕೆಲವೇ ಹತ್ತು ಸೆಂಟಿಮೀಟರ್. ಟ್ಯುನೀಸಿಯದ ಗಾಬೆಸ್ ಕೊಲ್ಲಿ, ಏಡ್ರಿಯಾಟಿಕ್‌ನ ಉತ್ತರ ತುದಿಯಂಥ ಕಡೆಗಳು ಅಪವಾದ. ನೀರು ಏರಿಳಿಯದ ಕಾರಣ ತೇಲುವ ಜೆಟ್ಟಿಗಳ ಹಂಗಿಲ್ಲದೆ ಕಲ್ಲಿನ ದಕ್ಕೆಗೇ ದೋಣಿ ಕಟ್ಟಬಹುದು. ಪಕ್ಕವಾಗಿ ಕಟ್ಟಿದರೆ ಮೂರು ದೋಣಿ ಹಿಡಿಸುವ ಜಾಗದಲ್ಲಿ ಹಿಂಭಾಗ ದಡಕ್ಕಿಟ್ಟು ಕಟ್ಟಿದರೆ ಹತ್ತು ಹಿಡಿಸುತ್ತವೆ. ಎಲ್ಲರೂ ಹಾಗೆಯೇ ಕಟ್ಟುವುದು ಅದಕ್ಕೇ. ದೋಣಿಯ ಮುಂಭಾಗವನ್ನು ಹಿಡಿಯಲು ಪಶ್ಚಿಮದ ಮರೀನಾಗಳಲ್ಲಿ ನೀರಿನ ತಳದಿಂದ ಬಂದ ಹಗ್ಗ ಸಿಗುತ್ತದೆ. ಗ್ರೀಸ್, ಟರ್ಕಿಯ ಹಳ್ಳಿಬಂದರುಗಳಲ್ಲಿ ನಿಮ್ಮ ಲಂಗರೇ ಗತಿ.

1. ಬಂದರಿನ ಹೊರಗೇ ಎಲ್ಲ ಸಿದ್ಧವಾಗಲಿ: ಎರಡೂ ಬದಿಗೆ ಫೆಂಡರ್, ಹಿಂದೆ ಒಂದು ದೊಡ್ಡ ಫೆಂಡರ್, ಎರಡು ಹಿಂಬದಿ ಹಗ್ಗ. ಯಾರು ಎಲ್ಲಿ ನಿಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರಲಿ.

2. ಒಂದು ಸುತ್ತು ನಿಧಾನವಾಗಿ ಹೋಗಿ ನೋಡಿ. ಅಕ್ಕಪಕ್ಕದವರ ಸರಪಳಿ ಯಾವ ದಿಕ್ಕಿಗೆ ಚಾಚಿದೆ? ಗಾಳಿ ಯಾವ ಕಡೆಯದು? ದಕ್ಕೆಯ ಬುಡದಲ್ಲಿ ಕಲ್ಲುಗುಂಡುಗಳಿವೆಯೇ? ಮೋಟಾರ್ ಯಾಟ್‌ನ ಪ್ರೊಪೆಲರ್ ಮತ್ತು ಚುಕ್ಕಾಣಿ ಹಿಂಭಾಗದಲ್ಲೇ ಇರುವುದರಿಂದ ಆ ಕಲ್ಲಿಗೆ ಮೊದಲು ತಗಲುವುದು ಅವೇ.

3. ದಕ್ಕೆಯಿಂದ ದೋಣಿಯ ಮೂರು–ನಾಲ್ಕು ಪಟ್ಟು ಉದ್ದ ದೂರದಲ್ಲಿ, ನಿಮ್ಮ ಜಾಗದ ನೇರಕ್ಕೆ, ಲಂಗರು ಬಿಡಿ. 14 ಮೀಟರ್ ದೋಣಿಗೆ 50 ಮೀಟರ್ ದೂರ. ಸಂಕೋಚದಿಂದ ಹತ್ತಿರವೇ ಬಿಟ್ಟರೆ ರಾತ್ರಿ ಗಾಳಿಗೆ ಲಂಗರು ಕಿತ್ತು ಬರುತ್ತದೆ.

4. ಸರಪಳಿ ತಡೆಯಿಲ್ಲದೆ ಬಿಡುತ್ತ ನೇರ ಹಿಂದಕ್ಕೆ ಬನ್ನಿ. ಸ್ಟೀರಿಂಗ್ ಮುಟ್ಟಬೇಡಿ; ಎರಡು ಎಂಜಿನ್‌ಗಳ ಗೇರನ್ನು ಒಂದೊಂದಾಗಿ ಹಾಕಿ ತೆಗೆದರೆ ಸಾಕು, ದೋಣಿ ತಿರುಗುತ್ತದೆ. ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೌ ಥ್ರಸ್ಟರಿನ ಗುಂಡಿಯನ್ನು ಚೂರು ಚೂರು ಒತ್ತಿ, ಒತ್ತಿ ಹಿಡಿದರೆ ಬಿಸಿಯಾಗಿ ನಿಂತುಬಿಡುತ್ತದೆ.

5. ಒಂದು ದೋಣಿಯುದ್ದ ಉಳಿದಾಗ ಸರಪಳಿ ತಡೆಯಿರಿ. ಲಂಗರು ಕಚ್ಚಿದ್ದರೆ ಮೂತಿ ಜಗ್ಗಿ ನೇರವಾಗುತ್ತದೆ. ಕಚ್ಚದಿದ್ದರೆ ಮುಜುಗರಪಡದೆ ಎಲ್ಲವನ್ನೂ ಎತ್ತಿ ಮತ್ತೆ ಶುರು ಮಾಡಿ. ದಕ್ಕೆಯ ಹೋಟೆಲಿನಲ್ಲಿ ಕುಳಿತವರು ನೋಡಿದರೆ ನೋಡಲಿ, ಅವರ ಸಂಜೆಯ ಮನರಂಜನೆಯೇ ಅದು.

6. ಗಾಳಿ ಬರುವ ಕಡೆಯ ಹಗ್ಗ ಮೊದಲು, ಇನ್ನೊಂದು ಆಮೇಲೆ. ಬಳಿಕ ಸರಪಳಿ ಬಿಗಿದು ಹಿಂಭಾಗವನ್ನು ದಡದಿಂದ ಒಂದೂವರೆ ಮೀಟರ್ ಆಚೆ ನಿಲ್ಲಿಸಿ. ಫೆರ್ರಿ ಹಾದುಹೋದಾಗ ಎದ್ದ ಅಲೆ ದೋಣಿಯನ್ನು ಕಲ್ಲಿಗೆ ತಳ್ಳಬಾರದು.

ತಳದ ಹಗ್ಗ ಕೊಡುವ ಮರೀನಾಗಳಲ್ಲಿ ಒಂದೇ ಎಚ್ಚರಿಕೆ: ಆ ಹಗ್ಗ ನೀರಿನಲ್ಲಿ ಸಡಿಲಾಗಿರುವಷ್ಟು ಹೊತ್ತೂ ಎರಡೂ ಗೇರ್ ನ್ಯೂಟ್ರಲ್. ಪ್ರೊಪೆಲರಿಗೆ ಸುತ್ತಿಕೊಂಡರೆ ಮುಳುಗುಗಾರರನ್ನು ಕರೆಸಬೇಕಾಗುತ್ತದೆ.

ಕೊಲ್ಲಿಯಲ್ಲಿ ಲಂಗರು ಹಾಕುವಾಗ ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರ ಕೂಡಿಸಿ ಐದರಿಂದ ಗುಣಿಸಿ. 6 ಮೀಟರ್ ಆಳ, ಒಂದೂವರೆ ಮೀಟರ್ ಎತ್ತರ ಎಂದರೆ 37–38 ಮೀಟರ್ ಸರಪಳಿ. ಉದ್ದ ಹೆಚ್ಚಿದಷ್ಟೂ ಎಳೆತ ನೆಲಕ್ಕೆ ಸಮಾನಾಂತರವಾಗಿ, ಲಂಗರು ಇನ್ನಷ್ಟು ಆಳಕ್ಕೆ ಹೂಳುತ್ತದೆ. ಗಿಡ್ಡವಾದರೆ ಮೇಲಕ್ಕೆ ಎಳೆದು ಕಿತ್ತುಬಿಡುತ್ತದೆ. ನೀರಿನ ಮೇಲಿಂದ ತಿಳಿಬಣ್ಣ ಕಂಡರೆ ಮರಳು, ಕಪ್ಪಗೆ ಕಂಡರೆ ಪೊಸಿಡೋನಿಯ ಎಂಬ ಕಡಲಹುಲ್ಲು. ಈ ಕಡಲಿನಲ್ಲಿ ಮಾತ್ರ ಬೆಳೆಯುವ ಹುಲ್ಲು ಅದು, ಬಲು ನಿಧಾನವಾಗಿ ಬೆಳೆಯುತ್ತದೆ. ಲಂಗರು ಅದರಲ್ಲಿ ಸರಿಯಾಗಿ ಕಚ್ಚುವುದೂ ಇಲ್ಲ. ಸ್ಪೇನಿನ ಬ್ಯಾಲಿಯಾರಿಕ್ ದ್ವೀಪಗಳಲ್ಲಿ 2018ರಿಂದ ಅದರ ಮೇಲೆ ಲಂಗರು ಹಾಕುವುದೇ ಅಪರಾಧ, ದಂಡವೂ ದೊಡ್ಡದು.

ಕಾಗದಪತ್ರ, ಮುಖ್ಯವಾಗಿ ವೀಸಾ

ದೋಣಿಯ ಮೂಲ ನೋಂದಣಿ ಪತ್ರ, ವಿಮೆ, ರೇಡಿಯೊ ಪರವಾನಗಿ, ನಿಮ್ಮ ರೇಡಿಯೊ ಪ್ರಮಾಣಪತ್ರ, ಐಸಿಸಿ ಎಂಬ ಅಂತರರಾಷ್ಟ್ರೀಯ ನಾವಿಕ ಅರ್ಹತಾ ಪತ್ರ, ದೋಣಿಯಲ್ಲಿರುವವರ ಪಟ್ಟಿ ಇವಿಷ್ಟು ಒಂದು ಫೈಲಿನಲ್ಲಿರಲಿ. ಐಸಿಸಿ ಮೋಟಾರ್ ದೋಣಿಗೆ ಅನ್ವಯಿಸುತ್ತದೆಯೇ, ನಿಮ್ಮ ದೋಣಿಯ ಉದ್ದಕ್ಕೆ ಸಾಲುತ್ತದೆಯೇ ಎಂದು ಓದಿ ನೋಡಿ. 10 ಮೀಟರ್‌ವರೆಗೆ ಮಾತ್ರ ಎಂದು ಬರೆದದ್ದೂ ಇರುತ್ತದೆ. ಯುರೋಪ್ ಒಕ್ಕೂಟದಲ್ಲಿ ವ್ಯಾಟ್ ಕಟ್ಟಿದ ರಸೀದಿ ಬೇಕು. ಒಕ್ಕೂಟದ ಹೊರಗೆ ನೆಲೆಸಿದವರು ಹೊರಗೇ ನೋಂದಾಯಿಸಿದ ದೋಣಿ ತಂದರೆ 18 ತಿಂಗಳ ತಾತ್ಕಾಲಿಕ ವಿನಾಯಿತಿ ಇದೆ. ಗ್ರೀಸಿನಲ್ಲಿ 7 ಮೀಟರಿಗಿಂತ ಉದ್ದದ ದೋಣಿಗಳಿಗೆ 'ಟೆಪಾಯ್' ಎಂಬ ಸಂಚಾರ ತೆರಿಗೆಯನ್ನು ಮುಂಚೆಯೇ ಆನ್‌ಲೈನ್‌ನಲ್ಲಿ ಕಟ್ಟಬೇಕು.

ಭಾರತದ ಪಾಸ್‌ಪೋರ್ಟ್ ಇರುವವರು ಇಲ್ಲಿ ಇನ್ನೊಂದು ಚೂರು ನಿಧಾನಿಸಿ. ಸ್ಪೇನ್, ಫ್ರಾನ್ಸ್, ಇಟಲಿ, ಮಾಲ್ಟಾ, ಗ್ರೀಸ್, 2023ರ ಜನವರಿಯಿಂದ ಕ್ರೊವೇಷಿಯ, ಇವೆಲ್ಲ ಒಂದೇ ವೀಸಾದ ಷೆಂಗೆನ್ ವಲಯ. ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ, ಎಲ್ಲ ದೇಶಗಳೂ ಸೇರಿ. ವೀಸಾದಲ್ಲಿ ನಮೂದಿಸಿದ ದಿನ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ಅಲ್ಬೇನಿಯ, ಮಾಂಟೆನೆಗ್ರೊ, ಟರ್ಕಿ ಷೆಂಗೆನ್ ಅಲ್ಲ. ಕೋರ್ಫುವಿನಿಂದ ಅಲ್ಬೇನಿಯದ ಸರಾಂಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಊಟಕ್ಕೆ ಹೋಗಿಬರೋಣ ಅನ್ನಿಸುತ್ತದೆ. ಕೈಯಲ್ಲಿರುವುದು ಒಂದೇ ಪ್ರವೇಶದ ವೀಸಾ ಆದರೆ ಆ ಊಟದ ನಂತರ ಗ್ರೀಸಿಗೆ ಮರಳುವ ದಾರಿಯಿಲ್ಲ. ಬಹುಪ್ರವೇಶದ ವೀಸಾ ಕೇಳಿ ಪಡೆಯಿರಿ; ಗಡಿ ದಾಟುವಾಗ ಅಧಿಕೃತ ಪ್ರವೇಶ ಬಂದರಿನಲ್ಲೇ ನಿಮ್ಮ ಬರುವಿಕೆ, ಹೋಗುವಿಕೆಯನ್ನು ದಾಖಲಿಸಿಕೊಳ್ಳಿ.

ಒಂದು ವಾರದ ದಾರಿ

ಕೋರ್ಫುವಿನ ಗೂವಿಯಾ ಮರೀನಾದಿಂದ ಹೊರಟು ಮೊದಲ ರಾತ್ರಿ ಮುಖ್ಯಭೂಮಿಯ ಸಿವೊಟಾದಲ್ಲಿ. ಎರಡನೆಯ ದಿನ ಪಾಕ್ಸೋಸ್‌ನ ಗಾಯೋಸ್. ಬೇಸಿಗೆಯಲ್ಲಿ ಅಲ್ಲಿ ಸಿಹಿನೀರಿಗೆ ಬರ, ಟ್ಯಾಂಕ್ ಕೋರ್ಫುವಿನಲ್ಲೇ ತುಂಬಿಸಿಕೊಂಡಿರಿ. ಅಲ್ಲಿಂದ ಸುಮಾರು 30 ಮೈಲು ತೆರೆದ ಕಡಲು ದಾಟಿ ಲೆಫ್ಕಾಡ ಕಾಲುವೆ. ಅದರ ಬಾಯಿಯಲ್ಲಿ ತೇಲುವ ಸೇತುವೆ ಇದೆ, ವೇಳೆಗೆ ತಕ್ಕಂತೆ ತೆರೆಯುತ್ತದೆ. ಮುಂದಿನ ಹೊತ್ತು ಯಾವುದೆಂದು ಕೇಳಿಕೊಂಡು ಹೊರಟರೆ ಅಡ್ಡಗಾಳಿಯಲ್ಲಿ ಸುತ್ತು ಹೊಡೆಯುವುದು ತಪ್ಪುತ್ತದೆ. ಕಾಲುವೆ ದಾಟಿದ ಮೇಲೆ ದ್ವೀಪಗಳ ಮರೆ. ಮೆಗಾನಿಸಿಯ ಕೊಲ್ಲಿಗಳು, ಕೆಫಲೋನಿಯದ ಫಿಸ್ಕಾರ್ಡೊ, ಇಥಾಕಾದ ವಾಥಿ ಎಲ್ಲವೂ ಒಂದೆರಡು ಗಂಟೆಯ ಹಾದಿ. ಏಳು ದಿನದ ವಾರಕ್ಕೆ ಐದು ದಿನದ ದಾರಿ ಹಾಕಿ, ಎರಡು ದಿನ ಖಾಲಿ ಬಿಡಿ. ಉತ್ತರಕ್ಕೆ ಮರಳುವ ಆ 30 ಮೈಲಿಗೆ ಒಂದು ಶಾಂತ ಬೆಳಗನ್ನು ಕಾಯಲು ಅವು ಬೇಕಾಗುತ್ತವೆ. ಇಲ್ಲವೇ ಬಾಡಿಗೆ ದೋಣಿಯಾದರೆ ಲೆಫ್ಕಾಡದಿಂದಲೇ ಶುರು ಮಾಡಿ. ಆ ತೆರೆದ ಕಡಲಿನ ಗೊಡವೆಯೇ ಇರದು.

ಸಾಮಾನ್ಯ ತಪ್ಪುಗಳು

ವಾಪಸು ವಿಮಾನದ ಹಿಂದಿನ ರಾತ್ರಿ ಇನ್ನೊಂದು ದ್ವೀಪದಲ್ಲಿ ತಂಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಫೋನಿನ ಒಂದೇ ಹವಾಮಾನ ಆ್ಯಪ್ ನಂಬುವುದು ಎರಡನೆಯದು. ಗ್ರೀಸಿನ ರಾಷ್ಟ್ರೀಯ ಹವಾಮಾನ ಸೇವೆಯ ಸಮುದ್ರ ಮುನ್ಸೂಚನೆಯನ್ನು ಜೊತೆಗೆ ನೋಡಿ, ಎರಡೂ ಹೊಂದದಿದ್ದರೆ ಕೆಟ್ಟದ್ದೇ ನಿಜವೆಂದುಕೊಳ್ಳಿ.

ಎಂಜಿನ್ ಅಥವಾ ಜನರೇಟರ್ ಓಡುತ್ತಿರುವಾಗ ಹಿಂಬದಿಯ ಹಲಗೆಯಿಂದ ಮಕ್ಕಳನ್ನು ಈಜಲು ಬಿಡುವವರಿದ್ದಾರೆ. ಪ್ರೊಪೆಲರಿನ ಭಯ ಎಲ್ಲರಿಗೂ ಗೊತ್ತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಪ್ರಜ್ಞೆ ತಪ್ಪಿಸುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಎರಡನ್ನೂ ಆರಿಸಿದ ಮೇಲೆಯೇ ಏಣಿ ಇಳಿಸಿ. ಸಣ್ಣ ರಬ್ಬರ್ ದೋಣಿ ನಡೆಸುವವರು ಎಂಜಿನ್ ನಿಲ್ಲಿಸುವ ಕೆಂಪು ದಾರವನ್ನು ಕಾಲಿಗೋ ಸೊಂಟಕ್ಕೋ ಸಿಕ್ಕಿಸಿಕೊಳ್ಳದೆ ಗೇರ್ ಹಾಕಬಾರದು.

ಈಜುವವರಿರುವ ಕೊಲ್ಲಿಗೆ ವೇಗವಾಗಿ ನುಗ್ಗುವುದು, ರಾತ್ರಿ ಹತ್ತರ ಮೇಲೂ ಎಸಿಗಾಗಿ ಜನರೇಟರ್ ಗುಡುಗಿಸುವುದು ಕಾನೂನಿಗಿಂತ ಮರ್ಯಾದೆಯ ಪ್ರಶ್ನೆ. ಫ್ರಾನ್ಸಿನಲ್ಲಂತೂ ದಡದಿಂದ 300 ಮೀಟರ್ ಒಳಗೆ 5 ನಾಟ್ ದಾಟುವಂತಿಲ್ಲ.

ರೇಡಿಯೊ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ: ದೋಣಿಯ ಹೆಸರು, ಕರೆ ಸಂಕೇತ, ಎಂಎಂಎಸ್‌ಐ ಸಂಖ್ಯೆ, ವಿಎಚ್‌ಎಫ್ ಚಾನೆಲ್ 16. ಅದರ ಕೆಳಗೆ ಗ್ರೀಕ್ ಕೋಸ್ಟ್ ಗಾರ್ಡ್ 108, ಇಟಲಿಯದು 1530, ಫ್ರಾನ್ಸಿನದು 196, ಕ್ರೊವೇಷಿಯದ್ದು 195, ಯುರೋಪಿಗೆಲ್ಲ 112. ದೋಣಿಯಲ್ಲಿ ನಿಮ್ಮನ್ನು ಬಿಟ್ಟು ಇನ್ನೊಬ್ಬರಾದರೂ ಆ ಚೀಟಿ ನೋಡಿ ರೇಡಿಯೊದಲ್ಲಿ ಮಾತಾಡುವುದನ್ನು ಹೊರಡುವ ಮೊದಲೇ ಕಲಿತಿರಲಿ.